ಕೋಶಕರ್ತ ಕಿಟ್ಟೆಲರು



ಕಳೆದ ವರ್ಷ ಮಳೆಗಾಲದ ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ವಡಪಳನಿಯ ನಮ್ಮ ಬಾಡಿಗೆಯ ಮನೆಗೆ ಬಂದಿದ್ದನು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಮುಂದೆ ಕಷ್ಟಪಟ್ಟು ಕಾಲೇಜನ್ನು ಮುಗಿಸಿ, ಈ ನಗರದ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗ ಅವನು. ಕೆಲಸ ದೊರೆತ ದಿನ ಸಿಹಿ ತಂದುಕೊಟ್ಟಿದ್ದವನು ಅಂದು ಬಾಡಿದ ಮುಖದಿಂದ ಬಂದು ಕುಳಿತನು. ಹೊಸದೊಂದು ಪ್ರೋಗ್ರಾಮನ್ನು ತಾನೇ ಬರೆಯುವೆನೆಂಬ ಉತ್ಸಾಹದಿಂದ ಹೋದವನಿಗೆ ಅಲ್ಲಿ ಒಪ್ಪಿಸಿದ್ದು ಬೇರೆಯವರು ಹಲವು ವರ್ಷಗಳ ಹಿಂದೆ ಬರೆದಿಟ್ಟಿದ್ದ ಸಾವಿರಾರು ಸಾಲುಗಳ ಹಳೆಯ ಪ್ರೋಗ್ರಾಮು. ಬರೆದವರಲ್ಲಿ ಬಹುಮಂದಿ ಆ ಸಂಸ್ಥೆಯನ್ನು ಬಿಟ್ಟುಹೋಗಿದ್ದರು. ಅದನ್ನು ಓದಿ ಅರ್ಥಮಾಡಿಕೊಂಡು ಸರಿಪಡಿಸಬೇಕೆಂಬುದು ಅವನ ಪಾಲಿಗೆ ಬಂದ ಕೆಲಸ.

ಎರಡನೆಯ ವಾರದಲ್ಲಿ ಅವನ ಕಣ್ಣಿಗೆ ಕೆಲವು ಸಾಲುಗಳು ತೀರ ನಿರರ್ಥಕವಾಗಿ ಕಂಡವು. ಗಿರಾಕಿಗಳ ಖಾತೆಯ ಸಂಖ್ಯೆಗೆ ಮುಂದೆ ಒಂದು ಸೊನ್ನೆಯನ್ನು ಸೇರಿಸುವ ಸಾಲುಗಳು ಅವು. ತಾನು ನೋಡಿದ ಸಂಖ್ಯೆಗಳೆಲ್ಲವೂ ಪೂರ್ಣವಾಗಿಯೇ ಇದ್ದುದರಿಂದ ಬರೆದವರು ತಿಳಿಯದೆ ಬರೆದಿರಬೇಕೆಂದು ಬಗೆದು ಅವನು ಅವನ್ನು ಅಳಿಸಿಬಿಟ್ಟನು. ಮರುದಿನ ಬೆಳಿಗ್ಗೆ ಬಹುಕಾಲದ ಹಿಂದಿನ ಗಿರಾಕಿಗಳ ಲೆಕ್ಕವೆಲ್ಲವೂ ತಪ್ಪಿಹೋಗಿತ್ತು. ಅವರ ಸಂಖ್ಯೆಗಳಲ್ಲಿ ಒಂದು ಅಂಕೆ ಕಡಿಮೆಯಿದ್ದುದನ್ನು ತುಂಬಿಸಲೆಂದೇ ಆ ಸೊನ್ನೆ ಅಲ್ಲಿದ್ದಿತು. ಹಿರಿಯರು ಅಳಿಸಿದ ಸಾಲುಗಳನ್ನು ಮತ್ತೆ ಸೇರಿಸಿ ಅಂದಿನ ಸಂಕಟವನ್ನು ಕಳೆದರಂತೆ. ಆದರೆ ಹುಡುಗನ ಮನಸ್ಸಿನ ಸಂಕಟ ಕಳೆಯಲಿಲ್ಲ. ಇಂಗ್ಲಿಷ್ ಶಾಲೆಗಳಲ್ಲಿ ಓದಿದವರ ನಡುವೆ ತಾನೊಬ್ಬನೇ ದಡ್ಡನೆಂದೂ, ಕನ್ನಡದಲ್ಲಿ ಓದಿದ್ದೇ ಇದಕ್ಕೆಲ್ಲ ಕಾರಣವೆಂದೂ, ಕೆಲಸವನ್ನು ಬಿಟ್ಟುಬಿಡುವೆನೆಂದೂ ಅವನು ನಮ್ಮೊಡನೆ ಹೇಳಿಕೊಂಡನು.

ನಮಗೆ ಕಂಪ್ಯೂಟರಿನ ವಿದ್ಯೆ ತಿಳಿಯದು. ನಾವು ಬಳ್ಳಾರಿಯ ಸೀಮೆಯ ಹಳ್ಳಿಯೊಂದರಲ್ಲಿ ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ, ಹೊಟ್ಟೆಯ ಪಾಡಿಗಾಗಿ ಈ ನಗರಕ್ಕೆ ಬಂದು ನೆಲಸಿದವರು. ಆದರೂ ಪರರು ಕಟ್ಟಿದ ದೊಡ್ಡದೊಂದು ವ್ಯವಸ್ಥೆಯೊಳಗೆ ಏನೂ ತಿಳಿಯದವನಾಗಿ ಪ್ರವೇಶಿಸಿ, ಅದನ್ನು ಕೆಡಿಸದೆ ಕಲಿತು, ಕಲಿತ ಬಳಿಕ ಉತ್ತಮಪಡಿಸಿದ ಮಹನೀಯರೊಬ್ಬರ ಚರಿತ್ರೆ ನಮಗೆ ನೆನಪಿಗೆ ಬಂದಿತು. ಅವರೇ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರು. ಅಂದು ಆ ಹುಡುಗನಿಗೆ ಹೇಳಿದುದನ್ನೇ ಇಂದು ನಿಮಗಾಗಿ ಬರೆಯುತ್ತಿದ್ದೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜರ್ಮನಿ ದೇಶದ ವಾಯವ್ಯ ಭಾಗದಲ್ಲಿ, ಉತ್ತರ ಸಮುದ್ರದ ತೀರಕ್ಕೆ ಸಮೀಪವಾದ ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಪ್ರಾಂತವಿದೆ. ಅಲ್ಲಿಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ 1832ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಕಿಟ್ಟೆಲರು ಜನಿಸಿದರು. ತಂದೆ ಕ್ರೈಸ್ತ ಧರ್ಮೋಪದೇಶಕರು. ಮನೆಯಲ್ಲಿ ಶಿಸ್ತೂ ಓದೂ ಇದ್ದವು. ಬಾಲಕ ಫರ್ಡಿನೆಂಡನು ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳನ್ನು ಕಲಿತನು. ಒಂದು ಭಾಷೆಯ ವ್ಯಾಕರಣದ ಕಟ್ಟನ್ನು ಬಿಚ್ಚಿ ನೋಡುವ ಅಭ್ಯಾಸ ಎಳೆಯ ವಯಸ್ಸಿನಲ್ಲಿಯೇ ಅವನಿಗೆ ಒದಗಿದುದು ಮುಂದಿನ ಕನ್ನಡದ ಭಾಗ್ಯವೆಂದೇ ಹೇಳಬೇಕು.

ಇಲ್ಲೊಂದು ಸೋಜಿಗದ ಸಂಗತಿಯನ್ನು ಗಮನಿಸಿರಿ. ಕಿಟ್ಟೆಲರು ಹುಟ್ಟಿದ ಅದೇ 1832ರಲ್ಲಿ ನಮ್ಮ ಈ ಚೆನ್ನೈ ಪಟ್ಟಣದಲ್ಲಿ, ಅಂದಿನ ಮದರಾಸಿನಲ್ಲಿ, ಕನ್ನಡದಿಂದ ಇಂಗ್ಲಿಷಿಗೆ ಅರ್ಥ ಹೇಳುವ ನಿಘಂಟೊಂದು ಅಚ್ಚಾಯಿತು. ಅದರ ಕರ್ತೃ ಬಳ್ಳಾರಿಯಲ್ಲಿ ನೆಲಸಿದ್ದ ವಿಲಿಯಂ ರೀವ್ ಎಂಬ ಪಾದ್ರಿ. ಇಂಗ್ಲಿಷಿನಿಂದ ಕನ್ನಡಕ್ಕೆ ಅರ್ಥ ಹೇಳುವ ಇನ್ನೊಂದು ನಿಘಂಟನ್ನು ಅವರು 1824ರಲ್ಲಿಯೇ ಪ್ರಕಟಿಸಿದ್ದರು. ರೀವರ ಕೋಶವನ್ನು ಡೇನಿಯಲ್ ಸ್ಯಾಂಡರ್‌ಸನ್ ಎಂಬವರು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಮುದ್ರಿಸಿದರು. ಮುಂದೆ ಯಾರು ಆ ಕೆಲಸವನ್ನು ಕೈಗೆತ್ತಿಕೊಂಡು ಅದರ ಸ್ವರೂಪವನ್ನೇ ಹಿರಿದುಗೊಳಿಸಬೇಕಾಗಿದ್ದಿತೋ ಅವರು ರೀವರ ಕೋಶ ಅಚ್ಚಾದ ವರ್ಷ ಇನ್ನೂ ತೊಟ್ಟಿಲಿನ ಶಿಶು.

ಸ್ವಿಟ್ಸರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿದ್ದ ಮಿಷನ್ ಸಂಸ್ಥೆಯನ್ನು ಸೇರಿ ಅಲ್ಲಿ ಶಿಕ್ಷಣವನ್ನು ಪಡೆದು 1853ರಲ್ಲಿ ಕಿಟ್ಟೆಲರು ಭಾರತಕ್ಕೆ ಬಂದರು. ಆಗ ಅವರಿಗೆ 21 ವರ್ಷ ವಯಸ್ಸು. ಹೆಚ್ಚುಕಡಿಮೆ ನಮ್ಮ ಆ ಹಳೆಯ ವಿದ್ಯಾರ್ಥಿಯ ವಯಸ್ಸೇ.

ಕೇಳಿ ಕಲಿತುದು

ಅವರು ಬಂದುದು ಮತಪ್ರಚಾರದ ಕಾರ್ಯಕ್ಕಾಗಿ. ಅದನ್ನು ಮರೆಮಾಚಬೇಕಾದುದಿಲ್ಲ. ಆದರೆ ಜನರೊಡನೆ ಮಾತನಾಡಬೇಕಾದರೆ ಜನರ ಭಾಷೆ ಬೇಕು; ಹೃದಯವನ್ನು ಮುಟ್ಟಬೇಕಾದರೆ ಅವರ ಕಾವ್ಯ, ಪುರಾಣ, ಗಾದೆ, ಹಾಡುಗಳು ತಿಳಿದಿರಬೇಕು. ಅವರಿಗೆ ಮೊದಲೇ ಬಂದಿದ್ದ ಹರ್ಮನ್ ಮೋಗ್ಲಿಂಗರು ಈ ದಾರಿಯನ್ನು ತುಳಿದಿದ್ದರು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರು ಅವರೇ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದುವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಬೆಳಕಿಗೆ ತಂದವರೂ ಅವರೇ. ಹಿರಿಯರು ಹಚ್ಚಿದ್ದ ದೀಪದ ಬೆಳಕಿನಲ್ಲಿ ಕಿಟ್ಟೆಲರು ನಡೆಯತೊಡಗಿದರು.

ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಈ ಊರುಗಳಲ್ಲಿ ಅವರು ಬೇರೆ ಬೇರೆ ಕಾಲಗಳಲ್ಲಿ ನೆಲಸಿದರು. ಈ ಊರುಗಳ ಹೆಸರನ್ನು ಸುಮ್ಮನೆ ಓದಿ ಮುಂದೆ ಸಾಗಬೇಡಿರಿ. ಧಾರವಾಡದ ಕನ್ನಡ ಒಂದು ಬಗೆ. ಮಂಗಳೂರಿನ ಕನ್ನಡ ಇನ್ನೊಂದು ಬಗೆ. ಮಂಗಳೂರಿನಲ್ಲಿ ಕನ್ನಡದೊಡನೆ ತುಳು, ಕೊಂಕಣಿಗಳು ಕಿವಿಗೆ ಬೀಳುತ್ತವೆ. ಮಡಿಕೇರಿಯಲ್ಲಿ ಕೊಡವ ಭಾಷೆ. ಒಂದೇ ಊರಿನಲ್ಲಿ ಕುಳಿತು ಒಬ್ಬನೇ ಪಂಡಿತನಿಂದ ಪಾಠ ಹೇಳಿಸಿಕೊಂಡಿದ್ದರೆ ಕನ್ನಡವೆಂದರೆ ಇಷ್ಟೇ ಎಂದು ಅವರು ಭ್ರಮಿಸಬಹುದಾಗಿದ್ದಿತು. ಊರೂರಿನ ಮಾತು ಕಿವಿಗೆ ಬಿದ್ದುದರಿಂದ ಒಂದೇ ಶಬ್ದಕ್ಕೆ ಹಲವು ರೂಪಗಳುಂಟೆಂಬುದೂ ಯಾವ ರೂಪವೂ ಅಕಾರಣವಾಗಿ ಹುಟ್ಟಿದುದಲ್ಲವೆಂಬುದೂ ಅವರ ಮನಸ್ಸಿಗೆ ನಾಟಿದುವು.

ಇದನ್ನು ಹೇಳುತ್ತಿದ್ದಾಗ ನಮ್ಮ ಹುಡುಗನು ತಲೆಯೆತ್ತಿ ನೋಡಿದನು. ಪ್ರೋಗ್ರಾಮನ್ನು ತೆರೆದು ಸಾಲುಗಳನ್ನು ಓದುವುದಕ್ಕೆ ಮೊದಲು ಅದನ್ನು ದಿನವೂ ಬಳಸುವವರ ಪಕ್ಕದಲ್ಲಿ ಕುಳಿತು ನೋಡಬೇಕಾಗಿದ್ದಿತೆಂದೂ, ತಾನು ಅದನ್ನು ಮಾಡಲಿಲ್ಲವೆಂದೂ ಒಪ್ಪಿಕೊಂಡನು.

ಕಿಟ್ಟೆಲರ ಈ ವಿದ್ಯಾಸಕ್ತಿ ಅವರ ಸಂಸ್ಥೆಯ ಎಲ್ಲರಿಗೂ ಹಿಡಿಸಲಿಲ್ಲ. ಅವರ ಬಾಳಿನಲ್ಲಿ ದುಃಖವೂ ಬಂದಿತು. 1860ರಲ್ಲಿ ಪೌಲೀನ್ ಎಂಬ ಕನ್ಯೆಯನ್ನು ವಿವಾಹವಾದರು. ನಾಲ್ಕೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಕೆಲವು ವರ್ಷಗಳ ಬಳಿಕ ಆಕೆಯ ಸೋದರಿ ಜೂಲಿಯವರ ಕೈಹಿಡಿದರು. ಈ ಎಲ್ಲ ಏಳುಬೀಳುಗಳ ನಡುವೆ ಕನ್ನಡದ ವ್ಯಾಸಂಗ ಮಾತ್ರ ನಿಲ್ಲಲಿಲ್ಲ. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಪದ್ಯಗಳಲ್ಲಿ ಬರೆದು ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಿಸಿದರು. ಬಂದ ಒಂಬತ್ತು ವರ್ಷಗಳೊಳಗೆ ಪರದೇಶದ ಒಬ್ಬನು ನಮ್ಮ ಛಂದಸ್ಸಿನಲ್ಲಿ ಪದ್ಯಕಟ್ಟುವಷ್ಟು ಕಲಿತನೆಂದರೆ ಆ ಶ್ರಮವನ್ನು ನೀವೇ ಊಹಿಸಿಕೊಳ್ಳಿರಿ.

ನಿಯಮವನ್ನು ಅರಸಿದುದು

ಭಾಷೆಯೆಂಬುದು ಸಾವಿರಾರು ವರ್ಷಗಳಿಂದ ಲಕ್ಷಾಂತರ ಜನರು ಸೇರಿ ಕಟ್ಟಿದ ಮನೆ. ಕಟ್ಟಿದವರು ಯಾರೂ ಈಗಿಲ್ಲ. ಕಂಬವೊಂದನ್ನು ಇಲ್ಲೇಕೆ ನಿಲ್ಲಿಸಿದಿರೆಂದು ಕೇಳಲು ಯಾರೂ ಸಿಕ್ಕುವುದಿಲ್ಲ. ಆದರೆ ಪುಣ್ಯವಶಾತ್ ಕನ್ನಡಕ್ಕೆ ಒಬ್ಬ ಕೇಶಿರಾಜನಿದ್ದನು. ಹದಿಮೂರನೆಯ ಶತಮಾನದಲ್ಲಿ, ಸುಮಾರು 1260ರಲ್ಲಿ, ಅವನು ಬರೆದ ಶಬ್ದಮಣಿದರ್ಪಣವು ಹಳಗನ್ನಡದ ನಿಯಮಗಳನ್ನು ಕಂದಪದ್ಯಗಳಲ್ಲಿ ಹೇಳಿ, ತಾನೇ ವೃತ್ತಿಯನ್ನೂ ಬರೆದು, ಪೂರ್ವಕವಿಗಳ ಪ್ರಯೋಗಗಳಿಂದ ಅವನ್ನು ಸಮರ್ಥಿಸುತ್ತದೆ. ಕನ್ನಡದ ಮನೆಗೆ ಅದೊಂದು ನಕ್ಷೆಯಿದ್ದಂತೆ.

ಕಿಟ್ಟೆಲರು ಈ ಗ್ರಂಥವನ್ನು ಹಿಡಿದರು. ತಾಳೆಯೋಲೆಯಲ್ಲಿಯೂ ಕಾಗದದಲ್ಲಿಯೂ ಕೈಯಿಂದ ಕೈಗೆ ಪ್ರತಿಯಾಗುತ್ತ ಬಂದ ಗ್ರಂಥದಲ್ಲಿ ತಪ್ಪುಗಳು ಸೇರುವುದು ಸಹಜ. ಒಂದು ಪ್ರತಿಯಲ್ಲಿರುವ ಪಾಠ ಇನ್ನೊಂದರಲ್ಲಿರುವುದಿಲ್ಲ. ಅವರು ಪ್ರತಿಗಳನ್ನು ಕೂಡಿಸಿ, ಒಂದರೊಡನೆ ಒಂದನ್ನು ಹೋಲಿಸಿ ಶುದ್ಧಪಡಿಸಿ, 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಶಬ್ದಮಣಿದರ್ಪಣವನ್ನು ಪ್ರಕಟಿಸಿದರು. ಬಳಿಕ 1875ರಲ್ಲಿ, ಮಡಿಕೇರಿಯಲ್ಲಿದ್ದಾಗ, ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಹೊರತಂದರು. ಮೊದಲು ವ್ಯಾಕರಣ, ಅನಂತರ ಛಂದಸ್ಸು, ಕಟ್ಟಕಡೆಗೆ ಕೋಶ ಎಂಬ ಈ ಕ್ರಮವನ್ನು ನೆನಪಿನಲ್ಲಿಡಿರಿ. ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಚಿಕ್ಕದೊಂದನ್ನು ಪೂರ್ಣವಾಗಿ ಮಾಡಿ ತೋರಿಸಿದುದು ಅವರ ವಿವೇಕ.

ಲೋಪವಾದ ಒಂದು ಅಕ್ಷರ

ಇಲ್ಲಿ ನಾವು ನಿಮ್ಮನ್ನು ಒಂದು ಸಣ್ಣ ಸಂಗತಿಯ ಬಳಿ ಸ್ವಲ್ಪ ಹೊತ್ತು ನಿಲ್ಲಿಸಬೇಕಾಗಿದೆ.

ಚೆನ್ನೈಗೆ ಬಂದ ಹೊಸತರಲ್ಲಿ ನಾವು ಬಸ್ಸಿನಲ್ಲಿ ವಡಪಳನಿಗೆ ಚೀಟಿ ಕೇಳಿದರೆ ಕಂಡಕ್ಟರನು ನಕ್ಕು ಹೆಸರನ್ನು ತಿದ್ದಿ ಹೇಳುತ್ತಿದ್ದನು. ನಾವು ಹೇಳಿದುದರಲ್ಲಿ ತಪ್ಪೇನಿದೆಯೆಂದು ಬಹುದಿನ ತಿಳಿಯಲಿಲ್ಲ. ತಮಿಳು ಅಕ್ಷರಗಳನ್ನು ಕಲಿತ ಬಳಿಕ ತಿಳಿಯಿತು: ತಮಿಳರು ಈ ಹೆಸರಿನಲ್ಲಿ ಬರೆಯುವುದು ನಮ್ಮ ‘ಳ’ವನ್ನಲ್ಲ, ನಾಲಗೆಯನ್ನು ಇನ್ನೂ ಹಿಂದಕ್ಕೆ ಮಡಿಸಿ ಉಚ್ಚರಿಸುವ ಬೇರೊಂದು ಅಕ್ಷರವನ್ನು. ಆ ಅಕ್ಷರ ಕನ್ನಡದಲ್ಲಿಯೂ ಇದ್ದಿತು! ಹಳಗನ್ನಡದ ‘ೞ’ವೇ ಅದು. ನಿಮ್ಮ ವರ್ಣಮಾಲೆಯ ಪಟದಲ್ಲಿ ಅದು ಈಗ ಇಲ್ಲ. ‘ಱ’ ಎಂಬ ಇನ್ನೊಂದು ಅಕ್ಷರವೂ ಹೀಗೆಯೇ ಬಿಟ್ಟುಹೋಗಿದೆ.

ಬರಬರುತ್ತ ಕನ್ನಡಿಗರ ನಾಲಗೆಯಲ್ಲಿ ‘ೞ’ವು ‘ಳ’ದೊಡನೆ ಕಲೆತುಹೋಯಿತು. ‘ಮೞೆ’ಯು ಮಳೆಯಾಯಿತು; ‘ಬಾೞೆ’ಯು ಬಾಳೆಯಾಯಿತು; ‘ಕೋೞಿ’ಯು ಕೋಳಿಯಾಯಿತು; ‘ಕೞ್ತೆ’ಯು ಕತ್ತೆಯಾಯಿತು. ಕೇಶಿರಾಜನ ಕಾಲಕ್ಕಾಗಲೇ ಎಲ್ಲಿ ‘ೞ’, ಎಲ್ಲಿ ‘ಳ’ ಎಂಬ ಗೊಂದಲ ಹುಟ್ಟಿದ್ದುದರಿಂದಲೇ ಅವನು ‘ೞ’ವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟನು. ಅವನ ಕಾಲದಿಂದ 600 ವರ್ಷಗಳ ಬಳಿಕ ಕೋಶವನ್ನು ರಚಿಸಲು ಕುಳಿತ ಕಿಟ್ಟೆಲರ ಸುತ್ತಲಿನ ಜನರು ಯಾರೂ ಈ ಅಕ್ಷರವನ್ನು ಬಳಸುತ್ತಿರಲಿಲ್ಲ. ಎರಡನ್ನೂ ಒಂದೇ ‘ಳ’ಕಾರದಲ್ಲಿ ಸೇರಿಸಿಬಿಟ್ಟಿದ್ದರೆ ಕೆಲಸ ಹಗುರವಾಗುತ್ತಿದ್ದಿತು, ಕೇಳುವವರೂ ಇರಲಿಲ್ಲ.

ಅವರು ಹಾಗೆ ಮಾಡಲಿಲ್ಲ. ಏಕೆ? ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಬದುಕು. ‘ಅರಿ’ ಎಂದರೆ ಕತ್ತರಿಸು. ‘ಅಱಿ’ ಎಂದರೆ ತಿಳಿದುಕೊ. ಅಕ್ಷರಭೇದವನ್ನು ಅಳಿಸಿದರೆ ಕತ್ತಿಯೂ ಬದುಕೂ ಒಂದೇ ಆಗುತ್ತವೆ. ತಿಳಿಯುವುದೂ ಕತ್ತರಿಸುವುದೂ ಒಂದೇ ಆಗುತ್ತವೆ. ಪಕ್ಕದ ತಮಿಳಿನಲ್ಲಿ ಈ ಭೇದ ಇಂದಿಗೂ ಉಳಿದುಬಂದಿರುವುದು ಕೇಶಿರಾಜನ ಮಾತಿಗೆ ಸಾಕ್ಷಿ. ಹೀಗೆ ಕಿಟ್ಟೆಲರು ‘ೞ’ ‘ಱ’ಗಳನ್ನು ತಮ್ಮ ಕೋಶದಲ್ಲಿ ಉಳಿಸಿಕೊಂಡರು. ಬಳಕೆಯಲ್ಲಿ ನಿಷ್ಪ್ರಯೋಜಕವಾಗಿ ಕಾಣುವುದು ಮೂಲದಲ್ಲಿ ಯಾವುದೋ ಪ್ರಯೋಜನಕ್ಕಾಗಿಯೇ ಇದ್ದಿರಬೇಕು. ಆ ಪ್ರಯೋಜನವನ್ನು ಕಾಣುವವರೆಗೆ ಅದನ್ನು ತೆಗೆದುಹಾಕಲು ತನಗೆ ಅಧಿಕಾರವಿಲ್ಲ. ಇದು ಅವರ ಕೃತಿ ನಮಗೆ ಹೇಳುವ ನೀತಿ.

ನಮ್ಮ ಹುಡುಗನು ಅಳಿಸಿದ ಆ ಸೊನ್ನೆಯೂ ಇಂತಹುದೇ ಒಂದು ‘ೞ’ಕಾರವಲ್ಲವೆ?

ಮಹಾಕೋಶ

ಕನ್ನಡ ಭಾಷೆಗೆ ಶಾಸ್ತ್ರೀಯವಾದ ದೊಡ್ಡ ಕೋಶವೊಂದನ್ನು ರಚಿಸುವ ಹೊಣೆಯನ್ನು 1870ರ ದಶಕದಲ್ಲಿ ಹೊತ್ತುಕೊಂಡ ಕಿಟ್ಟೆಲರು ಸುಮಾರು ಎರಡು ದಶಕಗಳ ಕಾಲ ಅದನ್ನು ಇಳಿಸಲಿಲ್ಲ. ಈ ನಡುವೆ ಆರೋಗ್ಯ ಕೆಟ್ಟು 1877ರಲ್ಲಿ ಜರ್ಮನಿಗೆ ಹಿಂತಿರುಗಬೇಕಾಯಿತು. ಅಲ್ಲಿಯ ತಂಪಿನಲ್ಲಿ, ಕೈಗೆ ಬಂದಷ್ಟು ಸಾಮಗ್ರಿಯಿಂದ, ಕೋಶವನ್ನು ಮುಗಿಸಿಬಿಡಬಹುದಾಗಿದ್ದಿತು. ಆದರೆ ಕನ್ನಡ ಪಂಡಿತರ ಬಳಿಯಲ್ಲಿ ಕುಳಿತು ಕೇಳಿ ನಿರ್ಧರಿಸಬೇಕಾದುವು ಇನ್ನೂ ಉಳಿದಿದ್ದುದರಿಂದ ಅವರು 1883ರಲ್ಲಿ ಪುನಃ ಸಮುದ್ರವನ್ನು ದಾಟಿ ಬಂದರು. ಹಿಂದಿನ ಸಂಪುಟಗಳನ್ನು ಹೊಲಿದು ಹೊಸ ಹೆಸರಿಡುವ ಕೆಲಸವಾಗಿದ್ದರೆ ಈ ಎರಡನೆಯ ಪಯಣದ ಅಗತ್ಯವೇ ಇರುತ್ತಿರಲಿಲ್ಲ.

ಆ ಕೋಶ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದರಲ್ಲಿ 1,700ಕ್ಕೂ ಹೆಚ್ಚು ಪುಟಗಳು. ಸುಮಾರು 70,000 ಶಬ್ದಗಳು. ಕೋಶಕರ್ತರ ವಯಸ್ಸು ಆಗ 62. ಕನ್ನಡ ನೆಲವನ್ನು ಮೆಟ್ಟಿ 41 ವರ್ಷಗಳಾಗಿದ್ದುವು.

ಆ ಕೋಶದ ಹಿರಿಮೆ ಗಾತ್ರದಲ್ಲಿ ಮಾತ್ರವಿಲ್ಲ. ಮೊದಲನೆಯದಾಗಿ, ಅಚ್ಚಗನ್ನಡದ ಶಬ್ದವಾವುದು, ಸಂಸ್ಕೃತದಿಂದ ಬಂದುದಾವುದು, ಬಂದು ರೂಪಾಂತರ ಹೊಂದಿ ತದ್ಭವವಾದುದಾವುದು ಎಂಬ ವಿವೇಚನೆ ಅದರಲ್ಲಿದೆ. ಎರಡನೆಯದಾಗಿ, ಕನ್ನಡ ಶಬ್ದಕ್ಕೆ ತಮಿಳು, ತೆಲುಗು, ಮಲೆಯಾಳ, ತುಳು ಮುಂತಾದ ಸೋದರ ಭಾಷೆಗಳಲ್ಲಿರುವ ಸಮಾನರೂಪಗಳನ್ನು ತಿಳಿದಮಟ್ಟಿಗೆ ಕೊಟ್ಟಿದೆ. ಮೂರನೆಯದಾಗಿ, ಶಬ್ದದ ಪ್ರಯೋಗ ಎಲ್ಲಿ ದೊರೆತಿದೆಯೆಂಬುದಕ್ಕೆ ಗ್ರಂಥಗಳ ಆಧಾರವನ್ನು ಸೂಚಿಸಿದೆ. ನಾಲ್ಕನೆಯದಾಗಿ, ಗಾದೆಗಳು, ಗಿಡಮರಗಳ ಹೆಸರುಗಳು, ಮನೆಮಾತಿನ ನುಡಿಗಟ್ಟುಗಳು, ಹೀಗೆ ಪಂಡಿತರ ಓಲೆಗಳಲ್ಲಿಲ್ಲದ ಜನರ ಸಂಪತ್ತೂ ಅದರಲ್ಲಿ ಸೇರಿದೆ. ಸಂಸ್ಕೃತಕ್ಕೆ ದ್ರಾವಿಡ ಭಾಷೆಗಳಿಂದ ಹೋಗಿರಬಹುದೆಂದು ತಮಗೆ ತೋರಿದ ಶಬ್ದಗಳ ಪಟ್ಟಿಯೊಂದನ್ನು ಅವರು ಮುನ್ನುಡಿಯಲ್ಲಿ ಕೊಟ್ಟರು. ಮುಂದೆ 1961ರಲ್ಲಿ ಬರೋ ಮತ್ತು ಎಮಿನೋ ಎಂಬ ವಿದ್ವಾಂಸರು ದ್ರಾವಿಡ ಭಾಷೆಗಳ ಜ್ಞಾತಿಪದಕೋಶವನ್ನು ಹೊರತಂದಾಗ ಕನ್ನಡದ ಶಬ್ದಗಳಿಗೆ ಕಿಟ್ಟೆಲರ ಕೋಶವೇ ಅವರಿಗೆ ಮುಖ್ಯ ಆಧಾರವಾಯಿತು.

ಆಧಾರವನ್ನು ಬರೆದಿಡುವ ಈ ಗುಣವನ್ನು ನೀವು ಮುಖ್ಯವಾಗಿ ಗಮನಿಸಬೇಕು. ಶಬ್ದಕ್ಕೆ ಇಂತಹ ಅರ್ಥವೆಂದು ಬರೆದುಬಿಟ್ಟರೆ ಓದುವವನು ನಂಬಬೇಕು, ಇಲ್ಲವೆ ಬಿಡಬೇಕು. ಇಂತಹ ಕಡೆಯಲ್ಲಿ ನೋಡಿದೆನೆಂದು ಬರೆದರೆ ಮುಂದೆ ಬರುವವನು ತಾನೂ ಹೋಗಿ ನೋಡಬಹುದು; ತಪ್ಪಿದ್ದರೆ ತಿದ್ದಬಹುದು. ಸಾಫ್ಟ್‌ವೇರ್ ಕೆಲಸದಲ್ಲಿಯೂ ಯಾವ ಸಾಲನ್ನು ಯಾರು, ಎಂದು, ಯಾವ ಕಾರಣಕ್ಕಾಗಿ ಬದಲಿಸಿದರೆಂಬ ಚರಿತ್ರೆಯನ್ನು ಕಂಪ್ಯೂಟರಿನಲ್ಲಿಯೇ ಕಾಪಾಡಿಡುವ ಪದ್ಧತಿಯಿದೆಯೆಂದು ನಮ್ಮ ಹುಡುಗನು ತಿಳಿಸಿದನು. ಆ ಸೊನ್ನೆಯ ಕಾರಣವೂ ಅಲ್ಲಿ ಬರೆದಿದ್ದಿತಂತೆ. ಅವನು ಓದಿರಲಿಲ್ಲ, ಅಷ್ಟೆ.

ಕಡೆಯ ದಿನಗಳು

ಕೋಶ ಹೊರಬರುವ ಮೊದಲೇ, 1892ರಲ್ಲಿ, ಕಿಟ್ಟೆಲರು ಭಾರತವನ್ನು ಬಿಟ್ಟು ಸ್ವದೇಶಕ್ಕೆ ತೆರಳಿದ್ದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತು ಸನ್ಮಾನಿಸಿತು. ಕೋಶ ಮುಗಿಯಿತೆಂದು ಅವರು ಸುಮ್ಮನೆ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಈ ಮೂರನ್ನೂ ಒಟ್ಟಿಗೆ ನೋಡುವ ವ್ಯಾಕರಣ ಗ್ರಂಥವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಟ್ಯೂಬಿಂಗನ್ ನಗರದಲ್ಲಿ ಅವರು ದಿವಂಗತರಾದರು.

ಇಂದು ಬೆಂಗಳೂರಿನಲ್ಲಿ ಅವರ ವಿಗ್ರಹವಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ನೀವು ಮರೀನಾ ಕಡಲತೀರಕ್ಕೆ ಹೋದಾಗ ಕಾಲ್ಡ್‌ವೆಲ್, ಪೋಪ್, ವೀರಮಾಮುನಿವರ್ ಇವರ ಪ್ರತಿಮೆಗಳನ್ನು ಕಂಡಿರಬಹುದು. 1968ರ ವಿಶ್ವ ತಮಿಳು ಸಮ್ಮೇಳನದ ಸಂದರ್ಭದಲ್ಲಿ ಸ್ಥಾಪಿತವಾದುವು ಅವು. ಹೊರಗಿನಿಂದ ಬಂದು ತಮಿಳನ್ನು ಸೇವಿಸಿದವರನ್ನು ತಮಿಳರು ಹೇಗೆ ನೆನೆಯುತ್ತಾರೆಯೋ ಹಾಗೆಯೇ ನಾವು ಕಿಟ್ಟೆಲರನ್ನು ನೆನೆಯಬೇಕು.

ತಿದ್ದಿದವರನ್ನು ತಿದ್ದಿದವರು

ಕಿಟ್ಟೆಲರ ಕೋಶದಲ್ಲಿ ಕೊರತೆಗಳಿರಲಿಲ್ಲವೆ? ಇದ್ದುವು. ಕನ್ನಡದ ಅತಿ ಪ್ರಾಚೀನ ಲಕ್ಷಣಗ್ರಂಥವಾದ ಕವಿರಾಜಮಾರ್ಗ, ಆದಿಕವಿ ಪಂಪನ ಭಾರತ ಇವೆರಡೂ ಅಚ್ಚಾದುದು 1898ರಲ್ಲಿ. ಕೋಶ ಹೊರಬಂದ ನಾಲ್ಕು ವರ್ಷಗಳ ಬಳಿಕ. ಹಲ್ಮಿಡಿಯ ಶಾಸನ ಬೆಳಕಿಗೆ ಬಂದುದು 1936ರಲ್ಲಿ. ಅವರ ಕಾಲಕ್ಕೆ ಅಚ್ಚಿನಲ್ಲಿ ಲಭ್ಯವಿಲ್ಲದಿದ್ದ ಗ್ರಂಥಗಳ ಶಬ್ದಗಳೆಲ್ಲವನ್ನೂ ಅವರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಆ ಕೊರತೆಯನ್ನು ತುಂಬುವ ಕೆಲಸ ನಡೆದುದು ಎಲ್ಲಿ ಗೊತ್ತೆ? ನಮ್ಮ ಈ ನಗರದಲ್ಲಿಯೇ! ಚೇಪಾಕದ ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಮರಿಯಪ್ಪ ಭಟ್ಟರು ಕಿಟ್ಟೆಲರ ಕೋಶವನ್ನು ಪರಿಷ್ಕರಿಸಿ ವಿಸ್ತರಿಸಿದರು. ಅದನ್ನು ವಿಶ್ವವಿದ್ಯಾನಿಲಯವು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಹಳೆಯದನ್ನು ಬದಿಗೊತ್ತಿ ತಮ್ಮ ಹೆಸರಿನ ಹೊಸ ಕೋಶವನ್ನು ಅವರು ಬರೆಯಲಿಲ್ಲ; ಕೋಶವನ್ನು ಕಿಟ್ಟೆಲರ ಹೆಸರಿನಲ್ಲಿಯೇ ಉಳಿಸಿಕೊಂಡು ಅದನ್ನು ಬೆಳೆಸಿದರು. ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಕನ್ನಡದಿಂದ ಕನ್ನಡಕ್ಕೇ ಅರ್ಥ ಹೇಳುವ ಬೃಹತ್ಕೋಶವನ್ನು ಸಿದ್ಧಪಡಿಸುತ್ತಿದ್ದಿತು. 1970ರಲ್ಲಿ ಮೊದಲನೆಯ ಸಂಪುಟ ಹೊರಬಂದು, ಎಂಟನೆಯದು 1995ರಲ್ಲಿ ಮುಗಿಯಿತು.

ರೀವರಿಂದ ಸ್ಯಾಂಡರ್‌ಸನ್, ಅವರ ಬಳಿಕ ಕಿಟ್ಟೆಲ್, ಅವರ ಬಳಿಕ ಮರಿಯಪ್ಪ ಭಟ್ಟರು. ಹೀಗೆ ಮದರಾಸಿನಲ್ಲಿ ಆರಂಭವಾದ ಸರಪಳಿಯೊಂದು ಮದರಾಸಿಗೇ ಬಂದು ಸೇರಿತು. ಇವರಲ್ಲಿ ಯಾರೂ ಬರಿಯ ನೆಲದ ಮೇಲೆ ಕೆಲಸವನ್ನು ಪ್ರಾರಂಭಿಸಲಿಲ್ಲ. ಯಾರೂ ಹಿಂದಿನವರನ್ನು ಮೂಢರೆಂದು ಜರೆಯಲಿಲ್ಲ. ಯಾರೂ ತಮ್ಮ ಕೆಲಸವೇ ಕೊನೆಯದೆಂದು ಬಾಗಿಲನ್ನು ಮುಚ್ಚಲಿಲ್ಲ.

ಮರಳಿ ಬಂದ ವಿದ್ಯಾರ್ಥಿ

ಅಂದು ರಾತ್ರಿ ಊಟಮಾಡಿ ಹೋದ ಹುಡುಗನು ಕೆಲಸವನ್ನು ಬಿಡಲಿಲ್ಲ. ಐದಾರು ತಿಂಗಳುಗಳ ತರುವಾಯ ಮುರುಗನ ದೇವಾಲಯದ ಬೀದಿಯಲ್ಲಿ ನಮಗೆ ಎದುರಾದನು. ಈಗ ಅವನು ಮೊದಲು ಪ್ರೋಗ್ರಾಮನ್ನು ಬಳಸಿ ನೋಡುತ್ತಾನಂತೆ. ಹಳೆಯ ಬದಲಾವಣೆಗಳ ಚರಿತ್ರೆಯನ್ನು ಓದುತ್ತಾನಂತೆ. ತಿಳಿಯದುದನ್ನು ಬಲ್ಲವರನ್ನು ಕೇಳಲು ನಾಚುವುದಿಲ್ಲವಂತೆ. ಒಮ್ಮೆಗೆ ಒಂದು ಸಣ್ಣ ಬದಲಾವಣೆಯನ್ನು ಮಾತ್ರ ಮಾಡಿ, ಅದನ್ನು ಹಳೆಯ ಗಿರಾಕಿಗಳ ಲೆಕ್ಕದ ಮೇಲೂ ಪರೀಕ್ಷಿಸಿ, ಕಾರಣವನ್ನು ಬರೆದಿಟ್ಟು, ಅನಂತರವೇ ಮುಂದಿನದಕ್ಕೆ ಹೋಗುತ್ತಾನಂತೆ.

ಅವನು ಅಂದು ನಮಗೊಂದು ಪಾಠವನ್ನೂ ಹೇಳಿದನು. ಲೋಕದ ಲಿಪಿಗಳೆಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆಯಲು ಯೂನಿಕೋಡ್ ಎಂಬ ಏರ್ಪಾಡಿದೆ. ಅದರಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನೂ ಒಂದು ಇಂಗ್ಲಿಷ್ ಹೆಸರನ್ನೂ ಕೊಟ್ಟಿದ್ದಾರೆ. ಕನ್ನಡದ ‘ೞ’ಕಾರಕ್ಕೂ ಅದರಲ್ಲಿ ಸ್ಥಳವಿದೆ, ಆದರೆ ಅದಕ್ಕೆ ಇಟ್ಟ ಹೆಸರು ತಪ್ಪು. ಅದು ಇಂಗ್ಲಿಷಿನ ‘ಎಫ್’ ಧ್ವನಿಯ ಅಕ್ಷರವೆಂಬಂತೆ ಹೆಸರನ್ನಿಟ್ಟಿದ್ದಾರೆ! ಒಮ್ಮೆ ಇಟ್ಟ ಹೆಸರನ್ನು ನೆಚ್ಚಿಕೊಂಡು ಲೋಕದ ಪ್ರೋಗ್ರಾಮುಗಳು ನಡೆಯಬಹುದಾದುದರಿಂದ ಅದನ್ನು ಬದಲಿಸುವಂತಿಲ್ಲವೆಂಬುದು ಅಲ್ಲಿಯ ನಿಯಮ. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಅದರ ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯೆಂದು ದಾಖಲಿಸಿದ್ದಾರೆ. ಯಾವುದನ್ನೂ ಮುರಿಯದೆ ತಪ್ಪನ್ನು ತಿದ್ದುವ ಉಪಾಯವಿದು.

ಹಳಗನ್ನಡವ ಬಲ್ಲವರಿಗೆ ಮಾತ್ರ ಆ ತಪ್ಪು ಕಣ್ಣಿಗೆ ಬೀಳುವುದು ಸಾಧ್ಯವೆಂದು ಅವನು ಹೇಳಿದನು. ಕನ್ನಡದಲ್ಲಿ ಓದಿದ್ದೇ ತನ್ನ ಕೊರತೆಯೆಂದು ಕೆಲವು ತಿಂಗಳುಗಳ ಹಿಂದೆ ಅತ್ತಿದ್ದವನು ಇದನ್ನು ಹೇಳುವಾಗ ತಲೆಯೆತ್ತಿ ನಿಂತಿದ್ದನು. ನಮಗಾದ ಸಂತೋಷವನ್ನು ಬರೆಯಲು ಬಾರದು.

ವಿದ್ಯಾರ್ಥಿಗಳಿರಾ, ನಿಮ್ಮಲ್ಲಿ ಹಲವರು ಮುಂದೆ ಇಂತಹ ಕೆಲಸಗಳಿಗೆ ಹೋಗುವಿರಿ. ಯಾರೋ ಬರೆದುದು ನಿಮ್ಮ ಕೈಗೆ ಬರುತ್ತದೆ. ಅಂದು ಕಿಟ್ಟೆಲರನ್ನು ನೆನೆಯಿರಿ. ಆದರೆ ಅಲ್ಲಿಯವರೆಗೆ ಕಾಯಬೇಕಾದುದೂ ಇಲ್ಲ. ನಿಮ್ಮ ಮನೆಗಳಲ್ಲಿ ಕೋಲಾರದ, ಬಳ್ಳಾರಿಯ, ಹೊಸೂರಿನ, ಕಾಸರಗೋಡಿನ, ಕುಂದಾಪುರದ ಕನ್ನಡವನ್ನಾಡುವ ಅಜ್ಜಿ ತಾತಂದಿರಿದ್ದಾರೆ. ಅವರಾಡುವ ಮಾತುಗಳಲ್ಲಿ ನಿಮಗೆ ತಿಳಿಯದುದೊಂದನ್ನು ವಾರಕ್ಕೊಮ್ಮೆ ಕೇಳಿ ಬರೆದುಕೊಳ್ಳಿರಿ. ಹೇಳಿದವರು ಯಾರು, ಯಾವ ಊರಿನವರು, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನೂ ಬರೆಯಿರಿ. ಅನಂತರ ಅದು ಕೋಶದಲ್ಲಿದೆಯೇ ಎಂದು ಹುಡುಕಿರಿ. ಇದ್ದರೆ 21ನೆಯ ವಯಸ್ಸಿನಲ್ಲಿ ಕನ್ನಡವನ್ನು ಕಲಿಯತೊಡಗಿದ ಆ ಪರದೇಶದ ತರುಣನಿಗೆ ಮನಸ್ಸಿನಲ್ಲಿಯೇ ವಂದಿಸಿರಿ. ಇಲ್ಲದಿದ್ದರೆ ಆ ಶಬ್ದವನ್ನು ಸೇರಿಸುವ ಭಾಗ್ಯ ನಿಮಗೇ ಉಳಿದಿದೆಯೆಂದು ತಿಳಿಯಿರಿ. ಬರೆದುಕೊಂಡ ಚೀಟಿಗಳನ್ನು ನಮಗೆ ತಂದು ಒಪ್ಪಿಸಿರಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅವನ್ನು ನಿಮ್ಮ ಹೆಸರಿನೊಡನೆ ಅಚ್ಚುಮಾಡುವೆವು.